ಕ್ರೋಮ್ ಬಿಡೋದಾದರೆ ಯಾವ ಬ್ರೌಸರ್‌ಗೆ ಹೋಗೋದು?

ಬ್ರೌಸರ್ ಬದಲಾಯಿಸಬೇಕು ಅಂತ ಯಾರ ಹತ್ತಿರ ಹೇಳಿದರೂ ಮೊದಲು ಬರುವ ಮಾತು 'ಯಾವುದು ಫಾಸ್ಟ್' ಅನ್ನೋದು. ಆ ಪ್ರಶ್ನೆಯನ್ನು ಪಕ್ಕಕ್ಕಿಡಿ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಬ್ರೇವ್ ಎಲ್ಲವೂ ಈಗ ಸಾಕಷ್ಟು ಫಾಸ್ಟ್ ಇವೆ. ದಿನನಿತ್ಯದ ಕೆಲಸದಲ್ಲಿ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಪುಟ ತೆರೆಯೋದು ತಡ ಆಗುತ್ತಿದ್ದರೆ ಬಹುತೇಕ ಸಲ ಕಾರಣ ನಿಮ್ಮ ನೆಟ್, ಇಲ್ಲವೇ ಆ ಪುಟದಲ್ಲಿ ತುರುಕಿರುವ ಜಾಹೀರಾತು.

ಕೇಳಿಕೊಳ್ಳಬೇಕಾದ್ದು ಬೇರೆ. ಈಗ ಬಳಸುತ್ತಿರುವುದರಲ್ಲಿ ನಿಮಗೆ ಕಿರಿಕಿರಿ ಏನು? ಜಾಹೀರಾತಾ? ಗೂಗಲ್ ಎಲ್ಲವನ್ನೂ ನೋಡುತ್ತಿದೆ ಅನ್ನೋ ಅನುಮಾನವಾ? ಹಳೇ ಲ್ಯಾಪ್‌ಟಾಪ್ ಒದ್ದಾಡುತ್ತಿದೆಯಾ? ಅಥವಾ ಸುಮ್ನೆ, ಬೇರೆಯವರದ್ದು ಹೇಗಿದೆ ನೋಡೋಣ ಅಂತಾನಾ? ಒಂದೊಂದಕ್ಕೂ ಉತ್ತರ ಬೇರೆ.

ನಾನು ವರ್ಷಗಟ್ಟಲೆ ಕ್ರೋಮ್‌ನಲ್ಲೇ ಇದ್ದು ಇತ್ತೀಚೆಗೆ ಫೈರ್‌ಫಾಕ್ಸ್‌ಗೆ ಬಂದೆ. ಬರುವ ಮೊದಲು ಎಡ್ಜ್, ಬ್ರೇವ್, ವಿವಾಲ್ಡಿ, ನಮ್ಮ ದೇಶದ್ದೇ ಆದ ಉಲಾ ಇವನ್ನೂ ಒಂದಷ್ಟು ದಿನ ಓಡಿಸಿ ನೋಡಿದೆ. ಹೊಸಬನ ಕಣ್ಣಿಗೆ ಬಿದ್ದದ್ದನ್ನು ಇಲ್ಲಿ ಬರೆದಿದ್ದೇನೆ. ಹತ್ತು ವರ್ಷದಿಂದ ಫೈರ್‌ಫಾಕ್ಸ್ ಬಳಸುವವರಿಗೆ ಇದರಲ್ಲಿ ಹೊಸದು ಅಷ್ಟೇನೂ ಇಲ್ಲ, ಆದರೆ ಅವರಿಗೆ ಹೋಲಿಕೆ ಬೇಕಾಗಿಯೂ ಇಲ್ಲ ಅಲ್ವಾ.

ಹೆಸರು ಹತ್ತು, ಹಿಟ್ಟು ಒಂದೇ

ಮೊದಲು ತಿಳಿದಿರಬೇಕಾದ ವಿಷಯ ಇದು. ಅಂಗಡಿಯಲ್ಲಿ ಹತ್ತಾರು ಬ್ರೌಸರ್ ಕಂಡರೂ ಒಳಗಿನ ಎಂಜಿನ್, ಅಂದರೆ ಸೈಟನ್ನು ಓದಿ ತೆರೆಯ ಮೇಲೆ ಮೂಡಿಸುವ ಭಾಗ, ಇರೋದು ಮುಖ್ಯವಾಗಿ ಮೂರೇ. ಕ್ರೋಮ್‌ನ ಬ್ಲಿಂಕ್, ಫೈರ್‌ಫಾಕ್ಸ್‌ನ ಗೆಕ್ಕೋ, ಆಪಲ್ ಸಫಾರಿಯ ವೆಬ್‌ಕಿಟ್. ಗೂಗಲ್ 2008ರಲ್ಲಿ ಕ್ರೋಮ್ ಬಿಟ್ಟಾಗ ಅದರ ಜೊತೆಗೇ ಕ್ರೋಮಿಯಂ ಅನ್ನೋ ಮುಕ್ತ ತಂತ್ರಾಂಶವನ್ನೂ ಬಿಟ್ಟಿತು. ಯಾರು ಬೇಕಾದರೂ ಅದನ್ನು ತೆಗೆದುಕೊಂಡು ತಮ್ಮ ಹೆಸರಿನ ಬ್ರೌಸರ್ ಮಾಡಬಹುದು. ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಮಾಡಿದರು. ನಾರ್ವೆಯ ಒಪೆರಾ 2013ರಲ್ಲಿ ತನ್ನ ಸ್ವಂತ ಎಂಜಿನ್ ಪ್ರೆಸ್ಟೋ ಬಿಟ್ಟು ಈ ಕಡೆ ಬಂತು. ಮೈಕ್ರೋಸಾಫ್ಟ್ ಕೂಡ ತನ್ನ ಎಂಜಿನ್ ಕೈಬಿಟ್ಟು 2020ರ ಜನವರಿಯಲ್ಲಿ ಕ್ರೋಮಿಯಂ ಮೇಲೆ ಕಟ್ಟಿದ ಹೊಸ ಎಡ್ಜ್ ತಂದಿತು. ಬ್ರೇವ್, ವಿವಾಲ್ಡಿ, ಸ್ಯಾಮ್‌ಸಂಗ್ ಫೋನಿನಲ್ಲಿ ಬರುವ ಬ್ರೌಸರ್, ಉಲಾ ಎಲ್ಲವೂ ಅದೇ. ಒಂದೇ ಹಿಟ್ಟಿನಲ್ಲಿ ಸೆಟ್ ದೋಸೆ, ಮಸಾಲೆ ದೋಸೆ, ಈರುಳ್ಳಿ ದೋಸೆ ಹುಯ್ದ ಹಾಗೆ.

ಬೆಂಗಳೂರಿನ ಎಪಿಕ್ ಬ್ರೌಸರ್ ಕಥೆಯೂ ಇದೇ. 2010ರಲ್ಲಿ ಬಂದಾಗ ಅದು ಫೈರ್‌ಫಾಕ್ಸ್ ಮೇಲೆ ಕಟ್ಟಿದ್ದು, ಭಾರತದ ಮೊದಲ ಬ್ರೌಸರ್ ಅಂತ ಒಳ್ಳೇ ಸುದ್ದಿಯಾಗಿತ್ತು, ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡುವ ಸೌಲಭ್ಯ ಅದರೊಳಗೇ ಇತ್ತು. 2013ರಲ್ಲಿ ಅದೂ ಕ್ರೋಮಿಯಂಗೆ ಬದಲಾಗಿ, ಖಾಸಗಿತನ ಕಾಪಾಡುವ ಬ್ರೌಸರ್ ಅಂತ ರೂಪ ಬದಲಿಸಿಕೊಂಡಿತು.

ಇದರಿಂದ ನಿಮಗೇನು ಅಂದರೆ, ಕ್ರೋಮ್‌ನಿಂದ ಎಡ್ಜ್, ಬ್ರೇವ್, ಉಲಾಗಳಿಗೆ ಹೋದರೆ ಸೈಟುಗಳು ಹಾಗೇ ಕಾಣುತ್ತವೆ, ಎಕ್ಸ್‌ಟೆನ್ಶನ್‌ಗಳನ್ನು (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು) ಕ್ರೋಮ್ ಸ್ಟೋರ್‌ನಿಂದಲೇ ಹಾಕಿಕೊಳ್ಳಬಹುದು, ಶಾರ್ಟ್‌ಕಟ್‌ಗಳೂ ಹೆಚ್ಚುಕಮ್ಮಿ ಅವೇ. ಒಂದು ಗಂಟೆಯಲ್ಲಿ ಕೈ ಕುದುರುತ್ತದೆ. ಫೈರ್‌ಫಾಕ್ಸ್‌ಗೆ ಹೋದರೆ ಮಾತ್ರ ನಿಜವಾಗಿ ಜಾಗ ಬದಲಾಯಿಸಿದ ಅನುಭವ. ಸ್ವಲ್ಪ ದಿನ ಕೈ ತಡವರಿಸುತ್ತದೆ, ಒಂದೆರಡು ಸೈಟು ಮುನಿಸಿಕೊಳ್ಳುತ್ತವೆ.

ಐಫೋನ್ ಇರುವವರು ಈ ತಲೆಬಿಸಿ ಜಾಸ್ತಿ ಮಾಡಿಕೊಳ್ಳಬೇಡಿ. ಅಲ್ಲಿ ಆಪಲ್ ನಿಯಮದಂತೆ ಎಲ್ಲ ಬ್ರೌಸರ್‌ಗಳೂ ವೆಬ್‌ಕಿಟ್ ಮೇಲೇ ಓಡಬೇಕು. 2024ರಿಂದ ಯುರೋಪಿಯನ್ ಒಕ್ಕೂಟದಲ್ಲಿ, ಆಮೇಲೆ ಜಪಾನಿನಲ್ಲಿ ಅದಕ್ಕೆ ರಿಯಾಯಿತಿ ಇದೆ. ನಮ್ಮಲ್ಲಿ ಐಫೋನ್‌ನ ಕ್ರೋಮ್ ಅಂದರೂ ಫೈರ್‌ಫಾಕ್ಸ್ ಅಂದರೂ ಒಳಗೆ ಸಫಾರಿಯ ಎಂಜಿನ್ನೇ. ಬುಕ್‌ಮಾರ್ಕ್, ಪಾಸ್‌ವರ್ಡ್ ಕಂಪ್ಯೂಟರಿನ ಜೊತೆ ಹೊಂದಿಕೊಳ್ಳಲಿ ಅಂತ ಬೇಕಾದರೆ ಹಾಕಿಕೊಳ್ಳಿ, ಅಷ್ಟೇ.

ಜಾಹೀರಾತು ಮತ್ತು ಬೆನ್ನು ಹತ್ತೋರು

ಈಚೆಗೆ ಜನ ಕ್ರೋಮ್ ಬಿಡುವ ದೊಡ್ಡ ಕಾರಣ ಯುಬ್ಲಾಕ್ ಒರಿಜಿನ್. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್‌ಗಳಲ್ಲಿ ಇದು ಬಲು ಗಟ್ಟಿ. ಗೂಗಲ್ ಎಕ್ಸ್‌ಟೆನ್ಶನ್‌ಗಳ ನಿಯಮ ಬದಲಾಯಿಸಿತು, ಮ್ಯಾನಿಫೆಸ್ಟ್ ವಿ3 ಅಂತ ಅದಕ್ಕೆ ಹೆಸರು. ಮೊದಲೆಲ್ಲ ಪುಟ ಏನನ್ನಾದರೂ ತರಿಸಿಕೊಳ್ಳಲು ಹೊರಟಾಗ ಎಕ್ಸ್‌ಟೆನ್ಶನ್ ಮಧ್ಯೆ ನಿಂತು, ಇದನ್ನು ಬಿಡು ಅದನ್ನು ತಡೆ ಅಂತ ಆಗಿಂದಾಗಲೇ ತೀರ್ಮಾನ ಮಾಡಬಹುದಿತ್ತು. ಹೊಸ ನಿಯಮದಲ್ಲಿ ಎಕ್ಸ್‌ಟೆನ್ಶನ್ ಮುಂಚೆಯೇ ಒಂದು ಪಟ್ಟಿ ಕೊಟ್ಟು ಕೂರಬೇಕು, ಜಾರಿ ಮಾಡೋದು ಬ್ರೌಸರ್, ಪಟ್ಟಿಯ ಉದ್ದಕ್ಕೂ ಮಿತಿ ಇದೆ. ಸುರಕ್ಷತೆಗಾಗಿ, ವೇಗಕ್ಕಾಗಿ ಹೀಗೆ ಮಾಡಿದ್ದು ಅಂತ ಗೂಗಲ್ ಹೇಳುತ್ತದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ, ಯಾಕೆಂದರೆ ಹಳೇ ಅಧಿಕಾರವನ್ನು ಕೆಟ್ಟ ಎಕ್ಸ್‌ಟೆನ್ಶನ್‌ಗಳು ದುರುಪಯೋಗ ಮಾಡಿಕೊಂಡಿದ್ದೂ ಉಂಟು. ಆದರೆ ಜಾಹೀರಾತಿನಿಂದಲೇ ಹೊಟ್ಟೆ ಹೊರೆಯುವ ಕಂಪನಿ ಜಾಹೀರಾತು ತಡೆಯುವವರ ಕೈ ಕಟ್ಟಿದರೆ ಜನ ಅನುಮಾನ ಪಡದೇ ಇರುತ್ತಾರಾ? 2024ರಲ್ಲಿ ಶುರುವಾದ ಈ ಬದಲಾವಣೆ 2025ರಲ್ಲಿ ಮುಗಿಯಿತು. ಈಗ ಕ್ರೋಮ್‌ನಲ್ಲಿ ಸಿಗೋದು ಯುಬ್ಲಾಕ್ ಒರಿಜಿನ್ ಲೈಟ್. ಹೆಸರಿನ ಹಾಗೇ ಹಗುರ. ಸುಮಾರು ಸೈಟುಗಳಿಗೆ ಸಾಕು, ಹಟಮಾರಿ ಸೈಟುಗಳಿಗೆ ಸಾಲದು.

ಫೈರ್‌ಫಾಕ್ಸ್‌ನಲ್ಲಿ ಹಳೇ ಯುಬ್ಲಾಕ್ ಒರಿಜಿನ್ ಪೂರ್ತಿ ಶಕ್ತಿಯಲ್ಲಿ ಓಡುತ್ತದೆ. ನನಗೆ ಮೊದಲ ದಿನವೇ ಎದ್ದು ಕಂಡದ್ದು ಇದೇ. ಕನ್ನಡ ಸುದ್ದಿ ತಾಣಗಳಲ್ಲಿ ಒಂದು ಪ್ಯಾರಾ ಓದೋದರೊಳಗೆ ಪುಟ ಮೇಲೆ ಕೆಳಗೆ ಕುಣಿಯುತ್ತದಲ್ಲ, ಆ ಕುಣಿತ ನಿಂತಿತು. ಬ್ರೇವ್‌ನ ದಾರಿ ಬೇರೆ: ತಡೆಯುವ ಕೆಲಸ ಅದರ ಮೈಯಲ್ಲೇ ಇದೆ, ಎಕ್ಸ್‌ಟೆನ್ಶನ್ ಅಲ್ಲ. ಹಾಗಾಗಿ ಗೂಗಲ್ ನಿಯಮ ಅದಕ್ಕೆ ತಾಗುವುದಿಲ್ಲ. ಹಾಕಿದ ಕೂಡಲೇ ಕೆಲಸ ಶುರು, ಏನೂ ಹುಡುಕಿ ಸೇರಿಸಬೇಕಾಗಿಲ್ಲ. ಅಮ್ಮನಿಗೋ ಮಾವನಿಗೋ ಕಂಪ್ಯೂಟರ್ ಸಿದ್ಧ ಮಾಡಿ ಕೊಡುವಾಗ ಇದು ದೊಡ್ಡ ಅನುಕೂಲ.

ಇನ್ನು ಬೆನ್ನು ಹತ್ತೋರು. ಒಂದು ಸೈಟಿನಲ್ಲಿ ಮಿಕ್ಸಿ ನೋಡಿದರೆ ಮುಂದಿನ ವಾರವೆಲ್ಲ ಹೋದಲ್ಲೆಲ್ಲ ಮಿಕ್ಸಿ ಜಾಹೀರಾತು ಬರುತ್ತದಲ್ಲ, ಅದಕ್ಕೆ ಹಳೇ ದಾರಿ ಅಂದರೆ ಮೂರನೆಯವರ ಕುಕೀ. ನೀವು ಹೋದ ಸೈಟಿನದ್ದಲ್ಲದ, ಅಲ್ಲಿ ಜಾಹೀರಾತು ಹಾಕಿದವರ ಗುರುತು ಚೀಟಿ ಅದು. ಸಫಾರಿ ಇವನ್ನು 2020ರ ಮಾರ್ಚ್‌ನಲ್ಲೇ ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರಿಂದ ಪ್ರತಿ ಸೈಟಿನ ಕುಕೀಗಳನ್ನೂ ಬೇರೆ ಬೇರೆ ಡಬ್ಬದಲ್ಲಿಟ್ಟು ಒಂದರದ್ದು ಇನ್ನೊಂದಕ್ಕೆ ಸಿಗದ ಹಾಗೆ ಮಾಡಿದೆ, ಅದೂ ನಾವೇನೂ ಸೆಟ್ಟಿಂಗ್ ಮುಟ್ಟದೆ. ಗೂಗಲ್ 2020ರಲ್ಲಿ ತಾನೂ ಎರಡು ವರ್ಷದಲ್ಲಿ ನಿಲ್ಲಿಸುತ್ತೇನೆ ಅಂದಿತ್ತು. ಮುಂದೂಡುತ್ತ ಮುಂದೂಡುತ್ತ 2024ರಲ್ಲಿ ಆ ಯೋಜನೆಯನ್ನೇ ಬಿಟ್ಟಿತು. ಕ್ರೋಮ್‌ನಲ್ಲಿ ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ತಡೆಯಬಹುದು, ಆದರೆ ಎಷ್ಟು ಜನ ಹೋಗುತ್ತಾರೆ?

ಅಂದ ಹಾಗೆ ಇನ್‌ಕಾಗ್ನಿಟೋ, ಅಂದರೆ ಹಿಸ್ಟರಿ ಉಳಿಸದ ಕ್ರೋಮ್‌ನ ಗುಪ್ತ ಕಿಟಕಿ, ಇದಕ್ಕೆ ಮದ್ದಲ್ಲ. ಮನೆಯಲ್ಲಿ ಬೇರೆಯವರು ಹಿಸ್ಟರಿ ತೆಗೆದು ನೋಡದ ಹಾಗೆ ಮಾಡುತ್ತದೆ, ಅಷ್ಟರ ಮಟ್ಟಿಗೆ ಉಪಯೋಗ. ನೀವು ಹೋದ ಸೈಟಿಗೆ, ನೆಟ್ ಕೊಡುವವರಿಗೆ, ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ನೀವು ಕಾಣುತ್ತೀರಿ. ಇದನ್ನು ಸರಿಯಾಗಿ ತಿಳಿಸಿಲ್ಲ ಅಂತ ಅಮೆರಿಕದಲ್ಲಿ ಹಾಕಿದ್ದ ಮೊಕದ್ದಮೆಯನ್ನು ಗೂಗಲ್ 2024ರಲ್ಲಿ ರಾಜಿ ಮಾಡಿಕೊಂಡು, ಸಂಗ್ರಹಿಸಿದ್ದ ಮಾಹಿತಿ ಅಳಿಸಲು ಒಪ್ಪಿಕೊಂಡಿತು.

ಹಾಗಂತ ಬೇರೆಯವರೆಲ್ಲ ಸಾಚಾ ಅಂತಲ್ಲ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಬರೋದೇ ಗೂಗಲ್‌ನಿಂದ, ಹುಡುಕಾಟಕ್ಕೆ ಗೂಗಲನ್ನೇ ಮೊದಲ ಆಯ್ಕೆಯಾಗಿ ಇಟ್ಟಿದ್ದಕ್ಕೆ. 2025ರ ಫೆಬ್ರವರಿಯಲ್ಲಿ ಮೊಜಿಲ್ಲಾ ತನ್ನ ಬಳಕೆ ನಿಯಮ ಬದಲಾಯಿಸಿ, 'ನಿಮ್ಮ ಮಾಹಿತಿಯನ್ನು ಎಂದೂ ಮಾರುವುದಿಲ್ಲ' ಅನ್ನೋ ಹಳೇ ಮಾತನ್ನು ತೆಗೆದಾಗ ಜನ ರೇಗಿದರು, ಅದು ನಿಯಮದ ಭಾಷೆಯನ್ನು ಮತ್ತೆ ತಿದ್ದಬೇಕಾಯಿತು. ಬ್ರೇವ್ ಕಟ್ಟಿದವರಲ್ಲಿ ಒಬ್ಬರು ಬ್ರೆಂಡನ್ ಐಕ್, ಜಾವಾಸ್ಕ್ರಿಪ್ಟ್ ಭಾಷೆ ಮಾಡಿದವರು. ಅಲ್ಲೂ 2020ರಲ್ಲಿ ಒಂದು ಎಡವಟ್ಟು: ಕ್ರಿಪ್ಟೋ ಸೈಟಿನ ವಿಳಾಸ ಟೈಪ್ ಮಾಡಿದರೆ ಬ್ರೇವ್ ತನ್ನ ಕಮಿಷನ್ ಕೋಡ್ ಸೇರಿಸಿ ಪೂರ್ತಿ ಮಾಡುತ್ತಿತ್ತು. ಸಿಕ್ಕಿಬಿದ್ದ ಮೇಲೆ ಕ್ಷಮೆ ಕೇಳಿ ತೆಗೆದರು. ಈಗಲೂ ಬ್ರೇವ್ ತೆರೆದರೆ ವ್ಯಾಲೆಟ್, ರಿವಾರ್ಡ್ಸ್ ಅಂತ ಕ್ರಿಪ್ಟೋ ಸಾಮಾನು ಕಣ್ಣಿಗೆ ಬೀಳುತ್ತದೆ. ಎಲ್ಲವನ್ನೂ ಬಚ್ಚಿಡಬಹುದು, ಆದರೆ ಬಚ್ಚಿಡುವ ಕೆಲಸ ನಮ್ಮದು.

ಸಾಮಾನು ಸಾಗಿಸೋದು

ಬುಕ್‌ಮಾರ್ಕ್, ಹಿಸ್ಟರಿ ಎಲ್ಲ ಬ್ರೌಸರ್‌ಗಳಲ್ಲೂ ಒಂದು ಗುಂಡಿ ಒತ್ತಿದರೆ ಬರುತ್ತದೆ. ಪಾಸ್‌ವರ್ಡ್ ಕೆಲವೊಮ್ಮೆ ನೇರವಾಗಿ ಬರುವುದಿಲ್ಲ. ಆಗ ಕ್ರೋಮ್‌ನಿಂದ ಸಿಎಸ್‌ವಿ ಫೈಲ್ ಆಗಿ ಇಳಿಸಿಕೊಂಡು ಹೊಸದರಲ್ಲಿ ಏರಿಸಬೇಕು. ಹುಷಾರ್, ಆ ಫೈಲಿನಲ್ಲಿ ನಿಮ್ಮ ಪ್ರತಿಯೊಂದು ಪಾಸ್‌ವರ್ಡ್ ಬಿಚ್ಚಿದ ಪುಸ್ತಕದ ಹಾಗೆ ಕಾಣುತ್ತದೆ, ಯಾವ ಬೀಗವೂ ಇಲ್ಲ. ಏರಿಸಿದ ತಕ್ಷಣ ಅಳಿಸಿ, ರೀಸೈಕಲ್ ಬಿನ್‌ನಿಂದಲೂ ಅಳಿಸಿ. ಡೌನ್‌ಲೋಡ್ಸ್ ಫೋಲ್ಡರ್ ತಾನಾಗಿ ಒನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಹೋಗುವ ಹಾಗೆ ಇಟ್ಟುಕೊಂಡಿದ್ದರೆ ಅಲ್ಲೂ ನೋಡಿ. ಪಾಸ್‌ಕೀ (ಪಾಸ್‌ವರ್ಡ್ ಬದಲು ಬೆರಳಚ್ಚು, ಪಿನ್ ಥರದ್ದರಿಂದ ಲಾಗಿನ್ ಆಗೋದು) ಬಳಸುತ್ತಿದ್ದರೆ ಅವು ಈ ಫೈಲಿನಲ್ಲಿ ಬರುವುದಿಲ್ಲ. ಆ ಸೈಟುಗಳಲ್ಲಿ ಹೊಸದಾಗಿ ಮಾಡಿಕೊಳ್ಳಬೇಕು.

ಎಲ್ಲ ಸೈಟಿನಲ್ಲೂ ಮತ್ತೆ ಲಾಗಿನ್ ಆಗಬೇಕು ಅನ್ನೋದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮೊದಲ ಎರಡು ದಿನ ಒಟಿಪಿ, ಒಟಿಪಿ, ಒಟಿಪಿ. ಫೋನ್ ಪಕ್ಕದಲ್ಲಿಟ್ಟುಕೊಂಡೇ ಶುರು ಮಾಡಿ. ರಜೆಯ ದಿನ ಮಾಡಿದರೆ ಒಳ್ಳೆಯದು, ಆಫೀಸಿನ ಮೀಟಿಂಗ್‌ಗೆ ಐದು ನಿಮಿಷ ಇರುವಾಗ ಬೇಡ.

ಕೈ ತಡವರಿಸೋದು ಶಾರ್ಟ್‌ಕಟ್‌ಗಳಲ್ಲಿ. ಕ್ರೋಮ್‌ನಲ್ಲಿ ಇನ್‌ಕಾಗ್ನಿಟೋಗೆ ಕಂಟ್ರೋಲ್, ಶಿಫ್ಟ್, ಎನ್. ಫೈರ್‌ಫಾಕ್ಸ್‌ನಲ್ಲಿ ಎನ್ ಬದಲು ಪಿ. ಹಳೇ ಅಭ್ಯಾಸದಲ್ಲಿ ಎನ್ ಒತ್ತಿದರೆ ನೀವು ಮುಚ್ಚಿದ್ದ ಹಳೇ ಕಿಟಕಿ ಮತ್ತೆ ತೆರೆದುಕೊಳ್ಳುತ್ತದೆ, ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಮುಖ ನೋಡೋ ಹಾಗಿರುತ್ತದೆ! ಉಳಿದವು ಬಹುತೇಕ ಒಂದೇ.

ಇಷ್ಟವಾದದ್ದು ಕೆಲವು. ಪೂರ್ತಿ ಪುಟದ ಸ್ಕ್ರೀನ್‌ಶಾಟ್ ಫೈರ್‌ಫಾಕ್ಸ್‌ನಲ್ಲೂ ಎಡ್ಜ್‌ನಲ್ಲೂ ಒಳಗೇ ಇದೆ, ಎರಡರಲ್ಲೂ ಕಂಟ್ರೋಲ್, ಶಿಫ್ಟ್, ಎಸ್. ಅರ್ಜಿ ಹಾಕಿದ ಮೇಲೆ ಬರುವ ಉದ್ದದ ಸ್ವೀಕೃತಿ ಪುಟ ಉಳಿಸಿಕೊಳ್ಳೋಕೆ ಇದಕ್ಕಿಂತ ಸಲೀಸು ದಾರಿ ಇಲ್ಲ. ಫೈರ್‌ಫಾಕ್ಸ್‌ನ ವಿಳಾಸದ ಪಟ್ಟಿಯಲ್ಲಿ ಮೊದಲು ಶೇಕಡಾ ಚಿಹ್ನೆ ಹಾಕಿ ಟೈಪ್ ಮಾಡಿದರೆ ತೆರೆದಿರುವ ಟ್ಯಾಬ್‌ಗಳಲ್ಲಿ ಮಾತ್ರ, ನಕ್ಷತ್ರ ಚಿಹ್ನೆ ಹಾಕಿದರೆ ಬುಕ್‌ಮಾರ್ಕ್‌ಗಳಲ್ಲಿ ಮಾತ್ರ ಹುಡುಕುತ್ತದೆ. ನಲವತ್ತು ಟ್ಯಾಬ್ ತೆರೆದಿಟ್ಟುಕೊಂಡು ಕೂರೋ ಜನಕ್ಕೆ ಇದು ವರ. ಟ್ಯಾಬ್‌ಗಳನ್ನು ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಜೋಡಿಸೋದು ಎಡ್ಜ್‌ನಲ್ಲಿ 2021ರಿಂದ ಇತ್ತು, ಫೈರ್‌ಫಾಕ್ಸ್‌ಗೆ ಬಂದದ್ದು 2025ರಲ್ಲಿ. ತಡವಾದರೂ ಚೆನ್ನಾಗಿದೆ.

ಇನ್ನೊಂದು ಕಂಟೇನರ್. ಮೊಜಿಲ್ಲಾದವರೇ ಕೊಡುವ ಎಕ್ಸ್‌ಟೆನ್ಶನ್ ಇದು. ಒಂದೇ ಕಿಟಕಿಯಲ್ಲಿ ಒಂದು ಟ್ಯಾಬ್‌ನಲ್ಲಿ ಆಫೀಸ್ ಜಿಮೇಲ್, ಪಕ್ಕದ ಟ್ಯಾಬ್‌ನಲ್ಲಿ ಸ್ವಂತ ಜಿಮೇಲ್, ಮೂರನೆಯದರಲ್ಲಿ ಮನೆಯವರ ಅಕೌಂಟ್, ಒಂದರ ಲಾಗಿನ್ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ಕ್ರೋಮ್‌ನಲ್ಲಿ ಇದಕ್ಕೆ ಬೇರೆ ಬೇರೆ ಪ್ರೊಫೈಲ್ ಮಾಡಿ ಬೇರೆ ಬೇರೆ ಕಿಟಕಿ ತೆರೆಯಬೇಕು. ಮನೆಯ ಎಲ್ಲರ ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಸ್ಕಾಲರ್‌ಶಿಪ್ ಅರ್ಜಿ ಒಬ್ಬರೇ ನೋಡಿಕೊಳ್ಳುವ ಮನೆಗಳಿವೆಯಲ್ಲ, ಅಂಥವರು ಇದೊಂದಕ್ಕೇ ಫೈರ್‌ಫಾಕ್ಸ್ ಹಾಕಿಕೊಂಡರೂ ತಪ್ಪಿಲ್ಲ.

ಇಲ್ಲದ್ದು? ಯುಎಸ್‌ಬಿ ಬೋರ್ಡುಗಳಿಗೆ ಬ್ರೌಸರ್‌ನಿಂದಲೇ ಪ್ರೋಗ್ರಾಮ್ ತುಂಬುವ ಸೈಟುಗಳು ಕ್ರೋಮಿಯಂ ಬ್ರೌಸರ್‌ಗಳನ್ನೇ ನೆಚ್ಚಿಕೊಂಡಿವೆ. ಎಲೆಕ್ಟ್ರಾನಿಕ್ಸ್ ಹುಚ್ಚಿನ ಮಕ್ಕಳು ಮನೆಯಲ್ಲಿದ್ದರೆ ಇದು ನೆನಪಿರಲಿ. ಸೈಟನ್ನು ಆ್ಯಪ್ ಥರ ಬೇರೆ ಕಿಟಕಿಯಲ್ಲಿ ಇಟ್ಟುಕೊಳ್ಳೋದು ಕ್ರೋಮ್, ಎಡ್ಜ್‌ಗಳಲ್ಲಿ ಸಲೀಸು, ಫೈರ್‌ಫಾಕ್ಸ್ ಈ ವಿಷಯದಲ್ಲಿ ತುಂಬಾ ಹಿಂದೆ ಬಿದ್ದಿತ್ತು.

ಕನ್ನಡದ ಲೆಕ್ಕದಲ್ಲಿ

ಇಂಗ್ಲಿಷಿನ ಹೋಲಿಕೆಗಳಲ್ಲಿ ಇದು ಎಲ್ಲೂ ಸಿಗುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಬಹಳ ಹಿಂದಿನ ಮಾತಲ್ಲ, ಕನ್ನಡ ಓದಬೇಕು ಅಂದರೆ ಬ್ರೌಸರ್ ಆಯ್ಕೆಯೇ ಇರಲಿಲ್ಲ. ಹಲವು ಭಾರತೀಯ ಭಾಷೆಯ ಪತ್ರಿಕೆಗಳ ತಾಣಗಳು ಯುನಿಕೋಡ್‌ಗೆ (ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ) ಮುಂಚೆ ತಮ್ಮದೇ ಫಾಂಟ್ ಬಳಸುತ್ತಿದ್ದವು, ಅವು ತಾವಾಗಿ ಇಳಿದು ಸರಿಯಾಗಿ ಕಾಣುತ್ತಿದ್ದದ್ದು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ. ಬೇರೆಯದರಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊಬೈಲಿನಲ್ಲಿ ಒಪೆರಾ ಮಿನಿ ಬಳಸಿದವರಿಗೆ ನೆನಪಿರಬಹುದು: ವಿಳಾಸದ ಜಾಗದಲ್ಲಿ 'ಒಪೆರಾ:ಕಾನ್ಫಿಗ್' ಅಂತ ಇಂಗ್ಲಿಷಿನಲ್ಲಿ ಹೊಡೆದು, ಕೊನೆಗೆ ಇಳಿದು, ಬಿಟ್‌ಮ್ಯಾಪ್ ಫಾಂಟ್ ಸೆಟ್ಟಿಂಗ್ 'ಯೆಸ್' ಮಾಡಿದರೆ ಡಬ್ಬ ಡಬ್ಬಗಳ ಬದಲು ಕನ್ನಡ ಕಾಣುತ್ತಿತ್ತು. ಒಪೆರಾ ಸರ್ವರ್ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಆ ಉಪಾಯ ಒಬ್ಬರಿಂದ ಒಬ್ಬರಿಗೆ ಹಬ್ಬಿ ಎಷ್ಟೋ ಜನ ಕನ್ನಡ ಬ್ಲಾಗ್ ಓದಿದ್ದೇ ಹಾಗೆ.

ಈಗ ಯಾವ ಬ್ರೌಸರ್‌ನಲ್ಲೂ ಕನ್ನಡ ಕಾಣುತ್ತದೆ. ವ್ಯತ್ಯಾಸ ಇರೋದು ಸಣ್ಣ ಪುಟ್ಟ ಸುಖಗಳಲ್ಲಿ. ಫಾಂಟ್ ವಿಷಯದಲ್ಲಿ ಫೈರ್‌ಫಾಕ್ಸ್ ಗೆಲ್ಲುತ್ತದೆ. ಅದರ ಫಾಂಟ್ ಸೆಟ್ಟಿಂಗ್‌ನಲ್ಲಿ 'ಅಡ್ವಾನ್ಸ್ಡ್' ಒತ್ತಿದರೆ ಲಿಪಿಗಳ ಪಟ್ಟಿ ಬರುತ್ತದೆ, ಅದರಲ್ಲಿ ಕನ್ನಡವೂ ಇದೆ. ಕನ್ನಡಕ್ಕೆ ಬೇರೆ ಫಾಂಟ್, ಬೇರೆ ಅಳತೆ ಕೊಡಬಹುದು. ವಿಂಡೋಸ್‌ನಲ್ಲಿ ಬರುವ ನಿರ್ಮಲಾ ಯುಐ ಇಷ್ಟವಿಲ್ಲದಿದ್ದರೆ ನೋಟೋ ಸಾನ್ಸ್ ಕನ್ನಡ ಇಳಿಸಿಕೊಂಡು ಅದನ್ನೇ ಇಡಿ. ಕನ್ನಡದ ಒತ್ತಕ್ಷರಗಳು ಇಂಗ್ಲಿಷಿನ ಅಳತೆಯಲ್ಲಿ ಇರುವೆಯಷ್ಟು ಕಾಣುವ ಸಮಸ್ಯೆ ಇದೊಂದರಿಂದ ಸುಮಾರಾಗಿ ತೀರುತ್ತದೆ, ಅದರಲ್ಲೂ ವಯಸ್ಸಾದವರಿಗೆ. ಕ್ರೋಮ್‌ನ ಫಾಂಟ್ ಸೆಟ್ಟಿಂಗ್‌ನಲ್ಲಿ ಹೀಗೆ ಲಿಪಿಗೊಂದು ಅಂತ ಆರಿಸುವ ಸೌಲಭ್ಯ ಇಲ್ಲ, ಅದಕ್ಕೆ ಎಕ್ಸ್‌ಟೆನ್ಶನ್ ಬೇಕು.

ಓದಿ ಹೇಳಿಸೋದರಲ್ಲಿ ಎಡ್ಜ್‌ಗೆ ಸಾಟಿಯಿಲ್ಲ. ಕನ್ನಡ ಪುಟ ತೆರೆದು ಕಂಟ್ರೋಲ್, ಶಿಫ್ಟ್, ಯು ಒತ್ತಿ. ಸಪ್ನಾ, ಗಗನ್ ಅಂತ ಎರಡು ಕನ್ನಡ ದನಿಗಳಿವೆ. ರೋಬೋಟ್ ಥರ ಅಲ್ಲ, ಸಾಕಷ್ಟು ಸಹಜವಾಗಿಯೇ ಓದುತ್ತವೆ. ನೆಟ್ ಬೇಕು ಅಷ್ಟೇ. ಅಡುಗೆ ಮಾಡುತ್ತ ದೊಡ್ಡ ಲೇಖನ ಕೇಳಬೇಕು ಅನ್ನೋರಿಗೆ, ಕಣ್ಣು ಮಂದವಾದವರಿಗೆ ನಾನು ಕಣ್ಣು ಮುಚ್ಚಿ ಎಡ್ಜ್ ಹೇಳುತ್ತೇನೆ. ಬೇರೆ ವಿಷಯದಲ್ಲಿ ಅದು ಎಷ್ಟೇ ತಲೆ ತಿಂದರೂ ಸರಿ.

ಭಾಷಾಂತರಕ್ಕೆ ಕ್ರೋಮ್ ಈಗಲೂ ಮುಂದೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ, ಅಲ್ಲಿಂದ ಇಲ್ಲಿಗೆ ಬಹಳ ಸುಧಾರಿಸಿದೆ. ಫೈರ್‌ಫಾಕ್ಸ್‌ನ ಭಾಷಾಂತರ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಪುಟದ ಮಾತು ಹೊರಗೆ ಹೋಗುವುದಿಲ್ಲ ಅನ್ನೋದು ಒಳ್ಳೇ ಗುಣ. ಆದರೆ ಅದು ಚಿಕ್ಕ ವಯಸ್ಸಿನದು, 2023ರಲ್ಲಿ ಬಂದದ್ದು.

ಟೈಪಿಂಗ್: ಕ್ರೋಮ್‌ನಲ್ಲಿ ಗೂಗಲ್ ಇನ್‌ಪುಟ್ ಟೂಲ್ಸ್ ಎಕ್ಸ್‌ಟೆನ್ಶನ್ ಬಳಸುತ್ತಿದ್ದರೆ ಅದು ಫೈರ್‌ಫಾಕ್ಸ್‌ಗೆ ಬರುವುದಿಲ್ಲ. ಚಿಂತೆ ಬೇಡ. ವಿಂಡೋಸ್‌ನಲ್ಲೇ 2019ರಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡ ಬರುತ್ತದೆ, ಯಾವ ಬ್ರೌಸರ್ ಆದರೂ ಸರಿ.

ಬ್ಯಾಂಕು, ಸರ್ಕಾರಿ ತಾಣ

ಬ್ರೌಸರ್ ಬದಲಾಯಿಸಿದವರು ವಾಪಸ್ ಓಡಿಹೋಗೋದು ಇಲ್ಲಿಂದಲೇ. ನಮ್ಮಲ್ಲಿ ಕೆಲವು ತಾಣಗಳನ್ನು ಕಟ್ಟುವಾಗ ಕ್ರೋಮ್‌ನಲ್ಲಿ ಮಾತ್ರ ಪರೀಕ್ಷೆ ಮಾಡಿರುತ್ತಾರೆ. ಹಿಂದೆ ಇದೇ ಜಾಗದಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಇತ್ತು. ಡಿಜಿಟಲ್ ಸಹಿಗೆ ಬ್ರೌಸರ್‌ನೊಳಗೆ ಓಡುವ ಜಾವಾ ಆ್ಯಪ್ಲೆಟ್ ಅನ್ನೋ ಪುಟ್ಟ ಪ್ರೋಗ್ರಾಮ್ ಬೇಕಾಗುತ್ತಿತ್ತು, ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಅದನ್ನು ಕೈಬಿಟ್ಟಾಗ ಆಡಿಟರ್‌ಗಳು, ಟೆಂಡರ್ ಹಾಕುವವರು ಪಟ್ಟ ಪಾಡು ಅವರನ್ನೇ ಕೇಳಬೇಕು. ಎಕ್ಸ್‌ಪ್ಲೋರರನ್ನು ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ನಿಲ್ಲಿಸಿತು. ಆದರೂ ಎಡ್ಜ್‌ನೊಳಗೆ ಹಳೇ ಎಕ್ಸ್‌ಪ್ಲೋರರ್ ಥರವೇ ಸೈಟು ತೆರೆಯುವ ಐಇ ಮೋಡ್ ಅಂತ ಒಂದು ಕೋಣೆ ಉಳಿಸಿದೆ, ಕನಿಷ್ಠ 2029ರವರೆಗೆ ಇಡುತ್ತೇವೆ ಅಂದಿದ್ದಾರೆ. ಹಳೇ ಕಚೇರಿ ತಂತ್ರಾಂಶದ ಜೊತೆ ಗುದ್ದಾಡುವವರಿಗೆ ಬೇರೆ ದಾರಿಯಿಲ್ಲ, ಎಡ್ಜ್ ಇಟ್ಟುಕೊಳ್ಳಿ.

ನನ್ನ ಒಂದು ಬ್ಯಾಂಕಿನ ಸೈಟು ಫೈರ್‌ಫಾಕ್ಸ್‌ನಲ್ಲಿ ಒಟಿಪಿ ಹಾಕಿದ ಮೇಲೆ ಬಿಳಿ ಪುಟ ತೋರಿಸಿ ಕೂತುಬಿಡುತ್ತಿತ್ತು. ಕಾರಣ ನೋಡಿದರೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಆ ಸೈಟಿನ ಯಾವುದೋ ತುಣುಕನ್ನು ತಡೆಯುತ್ತಿತ್ತು. ಹೀಗಾದಾಗ ಬ್ರೌಸರನ್ನೇ ಬಯ್ಯುವ ಮೊದಲು ಆ ಒಂದು ಸೈಟಿಗೆ ಮಾತ್ರ ಯುಬ್ಲಾಕ್ ಆಫ್ ಮಾಡಿ, ವಿಳಾಸದ ಪಕ್ಕದ ಗುರಾಣಿ ಚಿತ್ರ ಒತ್ತಿ ಫೈರ್‌ಫಾಕ್ಸ್‌ನ ಸ್ವಂತ ತಡೆಯನ್ನೂ ಆಫ್ ಮಾಡಿ, ಪುಟ ಮತ್ತೆ ತೆರೆಯಿರಿ. ಬ್ರೇವ್‌ನಲ್ಲಾದರೆ ಸಿಂಹದ ಚಿತ್ರ. ಅದಕ್ಕೂ ಬಗ್ಗದಿದ್ದರೆ ಎಡ್ಜ್‌ನಲ್ಲಿ ತೆರೆಯಿರಿ, ಕೆಲಸ ಮುಗಿಸಿ ಮುಚ್ಚಿ. ಹಣ ಹೋಗುವ ಮಧ್ಯದಲ್ಲಿ ಪುಟ ನಿಂತರೆ ಮಾತ್ರ ಮತ್ತೆ ಒತ್ತಬೇಡಿ, ಮೊದಲು ಖಾತೆ ನೋಡಿ.

ಈ ಲೆಕ್ಕದಲ್ಲಿ ಉಲಾದ ಬಗ್ಗೆ ಒಂದು ಮಾತು. ಜೋಹೋ ಕಂಪನಿ 2023ರಲ್ಲಿ ತಂದದ್ದು. ಕೇಂದ್ರ ಸರ್ಕಾರದ ಐಟಿ ಸಚಿವಾಲಯ ಭಾರತೀಯ ಬ್ರೌಸರ್‌ಗಾಗಿ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ 2025ರ ಮಾರ್ಚ್‌ನಲ್ಲಿ ಜೋಹೋಗೆ ಮೊದಲ ಬಹುಮಾನ, ಒಂದು ಕೋಟಿ ರೂಪಾಯಿ ಬಂತು. ಕೆಲಸಕ್ಕೆ, ಮನೆಗೆ, ಮಕ್ಕಳಿಗೆ ಅಂತ ಬೇರೆ ಬೇರೆ ಮೋಡ್‌ಗಳಿವೆ. ಆ ಯೋಚನೆ ಚೆನ್ನಾಗಿದೆ. ಒಳಗೆ ಕ್ರೋಮಿಯಂ ಆದ್ದರಿಂದ ಸೈಟುಗಳ ತಕರಾರು ಕಮ್ಮಿ. ನಮ್ಮ ದೇಶದ್ದು ಅನ್ನೋ ಅಭಿಮಾನಕ್ಕೆ ಹಾಕಿಕೊಳ್ಳೋರು ಹಾಕಿಕೊಳ್ಳಿ, ಎಂಜಿನ್ ಮಾತ್ರ ಗೂಗಲ್‌ನದೇ ಅನ್ನೋದು ಗೊತ್ತಿರಲಿ.

ಫೋನಿನಲ್ಲಿ

ಆಂಡ್ರಾಯ್ಡ್ ಫೋನಿನಲ್ಲಿ ಕ್ರೋಮ್ ಮೊದಲೇ ಕೂತಿರುತ್ತದೆ, ಬಹಳ ಜನ ಅದನ್ನು ಆರಿಸಿದ್ದೇ ಇಲ್ಲ. ಹೀಗೆ ಗೂಗಲ್ ಆ್ಯಪ್‌ಗಳನ್ನು ಕಟ್ಟುಕಟ್ಟಾಗಿ ಹೇರುವುದೂ ಸೇರಿದ ಕಾರಣಗಳಿಗೆ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು. ಇರಲಿ, ಬದಲಾಯಿಸೋದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಡಿಫಾಲ್ಟ್ ಆ್ಯಪ್ಸ್ ಅಂತ ಹುಡುಕಿ, ಬ್ರೌಸರ್ ಆರಿಸಿ. ಆಮೇಲೆ ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಹೊಸದರಲ್ಲೇ ತೆರೆಯುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳು ಮಾತ್ರ ಲಿಂಕನ್ನು ತಮ್ಮೊಳಗೇ ತೆರೆಯುತ್ತವೆ, ನೀವು ಏನೇ ಆರಿಸಿದ್ದರೂ ಅಷ್ಟೇ.

ಫೋನಿಗೆ ಫೈರ್‌ಫಾಕ್ಸ್ ಹಾಕಲು ನನ್ನ ಪ್ರಕಾರ ಒಂದೇ ಕಾರಣ ಸಾಕು: ಎಕ್ಸ್‌ಟೆನ್ಶನ್. 2023ರ ಡಿಸೆಂಬರ್‌ನಿಂದ ನೂರಾರು ಎಕ್ಸ್‌ಟೆನ್ಶನ್‌ಗಳನ್ನು ಆಂಡ್ರಾಯ್ಡ್‌ನಲ್ಲೂ ಹಾಕಬಹುದು, ಯುಬ್ಲಾಕ್ ಒರಿಜಿನ್ ಅಂತೂ ಅದಕ್ಕೂ ಮುಂಚಿನಿಂದ ಇದೆ. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕೋ ಹಾಗಿಲ್ಲ. ಡೇಟಾ ಪ್ಯಾಕ್ ಎಣಿಸಿ ಬಳಸುವವರಿಗೆ ಜಾಹೀರಾತಿನ ವಿಡಿಯೋ ಇಳಿಯದಿರೋದು ದುಡ್ಡಿನ ಲೆಕ್ಕವೂ ಹೌದು. ಪೇಮೆಂಟ್ ಪುಟದಿಂದ ಯುಪಿಐ ಆ್ಯಪ್ ತೆರೆಯದಿದ್ದರೆ ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಲಿಂಕುಗಳನ್ನು ಆ್ಯಪ್‌ನಲ್ಲಿ ತೆರೆಯುವ ಆಯ್ಕೆ ಇದೆ, ಅದನ್ನು ನೋಡಿ. ಸ್ಕ್ರಾಲ್ ಮಾಡುವಾಗ ಕ್ರೋಮ್‌ನಷ್ಟು ನುಣುಪು ಇಲ್ಲ ಅನ್ನಿಸಬಹುದು, ಅದರಲ್ಲೂ ಅಗ್ಗದ ಫೋನುಗಳಲ್ಲಿ. ಅಂಥ ಫೋನಿಗೆ ಬ್ರೇವ್ ವಾಸಿ.

ಹಾಗಾದರೆ ಯಾವುದು?

ಜಾಹೀರಾತು, ಹಿಂಬಾಲಿಸೋದು ನಿಮ್ಮ ಸಮಸ್ಯೆ, ಸ್ವಲ್ಪ ಕೈಯಾಡಿಸೋಕೆ ಬೇಜಾರಿಲ್ಲ ಅಂದರೆ ಫೈರ್‌ಫಾಕ್ಸ್. ಅದೇ ಸಮಸ್ಯೆ, ಆದರೆ ಕೈಯಾಡಿಸೋಕೆ ಸಮಯವಿಲ್ಲ ಅಂದರೆ ಬ್ರೇವ್, ಕ್ರಿಪ್ಟೋ ಗುಂಡಿಗಳನ್ನು ಬಚ್ಚಿಟ್ಟು. ವಿಂಡೋಸ್ ಲ್ಯಾಪ್‌ಟಾಪ್, ಆಫೀಸಿನ ಫೈಲುಗಳು, ಕನ್ನಡ ಕೇಳೋ ಆಸೆ ಇದ್ದರೆ ಎಡ್ಜ್. ಅದರ ಮೊದಲ ಪುಟದಲ್ಲಿ ಸುದ್ದಿಯ ಸಂತೆ ಇರುತ್ತದೆ, ಮೂಲೆಯ ಗೇರ್ ಚಿತ್ರ ಒತ್ತಿ ಆಫ್ ಮಾಡಿ, ಇಲ್ಲದಿದ್ದರೆ ತಲೆ ಚಿಟ್ಟು ಹಿಡಿಯುತ್ತದೆ. ಒಪೆರಾ ಕಟ್ಟಿದವರಲ್ಲೇ ಒಬ್ಬರಾದ ಯೋನ್ ಫಾನ್ ಟೆಟ್ಸ್ನರ್ ಶುರು ಮಾಡಿದ ವಿವಾಲ್ಡಿ, ಪ್ರತಿಯೊಂದು ಗುಂಡಿಯನ್ನೂ ತಮಗೆ ಬೇಕಾದ ಜಾಗದಲ್ಲೇ ಇಟ್ಟುಕೊಳ್ಳಬೇಕು ಅನ್ನೋ ಜನರಿಗೆ. ನನಗೆ ಅಷ್ಟು ತಾಳ್ಮೆ ಇಲ್ಲ. ವಿಂಡೋಸ್ 7 ಇರುವ ಹಳೇ ಕಂಪ್ಯೂಟರಾದರೆ ಕ್ರೋಮ್ 2023ರ ಜನವರಿಯಲ್ಲಿ ಬಂದ 109ನೇ ಆವೃತ್ತಿಗೇ ನಿಂತಿತು. ಫೈರ್‌ಫಾಕ್ಸ್‌ನ 115 ಇಎಸ್‌ಆರ್ (ಹೆಚ್ಚು ಕಾಲ ನೋಡಿಕೊಳ್ಳುವ) ಆವೃತ್ತಿ ಅದಾದ ಮೇಲೂ ಬಹಳ ಕಾಲ ಸುರಕ್ಷತಾ ತಿದ್ದುಪಡಿ ಪಡೆಯಿತು. ಆದರೂ ಅಂಥ ಯಂತ್ರದಲ್ಲಿ ಬ್ಯಾಂಕ್ ಕೆಲಸ ಬೇಡ.

ಏನೂ ಕಿರಿಕಿರಿ ಇಲ್ಲ, ಕ್ರೋಮ್ ಚೆನ್ನಾಗೇ ಇದೆ ಅನ್ನೋರು ಅಲ್ಲೇ ಇರಿ. ಮೂರನೆಯವರ ಕುಕೀ ತಡೆದು, ಯುಬ್ಲಾಕ್ ಲೈಟ್ ಹಾಕಿಕೊಂಡರೆ ಸಾಕಷ್ಟಾಯಿತು. ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳನ್ನು ಫೋನು, ಕಂಪ್ಯೂಟರ್ ಎರಡರಲ್ಲೂ ಹೊಂದಿಸುವ ಸಿಂಕ್‌ಗೆ ಪ್ರತ್ಯೇಕ ಪಾಸ್‌ಫ್ರೇಸ್ (ಉದ್ದನೆಯ ಗುಪ್ತಪದ) ಇಟ್ಟರೆ ಗೂಗಲ್‌ಗೂ ಅವು ಓದಲು ಸಿಗುವುದಿಲ್ಲ. ಫೈರ್‌ಫಾಕ್ಸ್ ಸಿಂಕ್‌ನಲ್ಲಿ ಇದು ತಾನಾಗೇ ಇದೆ.

ಬದಲಾಯಿಸೋರು ಕ್ರೋಮನ್ನು ಕೂಡಲೇ ಅಳಿಸಬೇಡಿ. ಟಾಸ್ಕ್‌ಬಾರ್‌ನಿಂದ ಮಾತ್ರ ತೆಗೆದು, ಹೊಸದನ್ನು ಡಿಫಾಲ್ಟ್ ಮಾಡಿ ಒಂದು ತಿಂಗಳು ಓಡಿಸಿ. ಒಂದು ತಿಂಗಳು ಯಾಕೆ ಅಂದರೆ ಬಿಲ್ಲು, ಬಾಡಿಗೆ, ಇಎಂಐ, ರೀಚಾರ್ಜ್ ಎಲ್ಲ ಒಂದೊಂದು ಸುತ್ತು ಬಂದು ಹೋಗುತ್ತವೆ, ಯಾವ ಸೈಟು ಕೈ ಕೊಡುತ್ತದೆ ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೆ ಹಳೇ ಬ್ರೌಸರ್‌ನಲ್ಲಿ ಉಳಿದಿರುವ ಪಾಸ್‌ವರ್ಡ್, ಕಾರ್ಡ್ ನಂಬರ್‌ಗಳನ್ನು ಅಳಿಸಿ, ಎರಡೂ ಕಡೆ ಇದ್ದರೆ ಒಂದರಲ್ಲಿ ಬದಲಾಯಿಸಿ ಇನ್ನೊಂದರಲ್ಲಿ ಹಳೇದೇ ಉಳಿದು ಗೊಂದಲ ಆಗುತ್ತದೆ. ಕ್ರೋಮ್‌ನಲ್ಲಿ ಸಿಂಕ್ ಆನ್ ಇದ್ದರೆ ಕಂಪ್ಯೂಟರಿನಲ್ಲಿ ಅಳಿಸಿದ್ದು ಫೋನಿನಲ್ಲೂ ಅಳಿಯುತ್ತದೆ, ಹಾಗಾಗಿ ಫೋನಿನಲ್ಲೂ ಹೊಸ ಬ್ರೌಸರ್ ಸರಿಯಾಗಿ ಕೂತ ಮೇಲೆಯೇ ಈ ಕೆಲಸ. ಆಫೀಸಿನ ಲ್ಯಾಪ್‌ಟಾಪ್ ಆದರೆ ಮೊದಲು ಅಲ್ಲಿನ ಐಟಿಯವರನ್ನು ಕೇಳಿ, ಹಲವು ಕಡೆ ಹೊಸ ಬ್ರೌಸರ್ ಹಾಕೋಕೆ ಬಿಡುವುದೇ ಇಲ್ಲ.